ಸೂಜಿಮೊನೆಯಷ್ಟು ಜಾಗ

ಸಭೆ ಹತ್ತಕ್ಕೆ. ನನ್ನ ಮದ್ದಿನ ಹೊತ್ತೂ ಹತ್ತೇ.
ನಗರಸಭೆಯ ಮೆಟ್ಟಿಲ ಮೇಲೆ ಸಿಸ್ಟರ್ ಫಿಲೋಮಿನಾ
ಪುಡಿ ಮಾಡಿದ ಮಾತ್ರೆ ನಾಲಿಗೆಯಡಿ ಸುರಿದು
"ಕರಗುವ ತನಕ ಬಾಯಿ ಬಿಡಬೇಡ ಉಮಾಕಾಂತಾ" ಅಂದಳು.
ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಹೀಗೆ, ನಮ್ಮವರ ಪರ ಮಾತಾಡಲು ಹೋದವನು
ಏಳೆಂಟು ನಿಮಿಷ ಮೂಗನಾಗಿ ಕೂತೆ.
ಕಹಿ ಎಂಜಲು, ನುಂಗುವಂತಿಲ್ಲ ಉಗುಳುವಂತಿಲ್ಲ.
ಬಾಯಿ ಕಟ್ಟಿದರೆ ಕಿವಿ ಚುರುಕು. ಎಲ್ಲ ಕೇಳಿಸಿತು:

ಬೈತಖೋಲದ ಬಲೆ ಗೋದಾಮಿನಲ್ಲಿ ಅಂಥವರ ಸಂತೆ ಬೇಡ.
ಸೂಜಿ ಕೊಟ್ಟು ಚಟ ಸಾಕುತ್ತಾರಂತೆ, ಸರ್ಕಾರದ ದುಡ್ಡಲ್ಲಿ.
ಶಾಲೆಮಕ್ಕಳು ಓಡಾಡುವ ದಾರಿ ಅದು.
ಗೋವಾದಿಂದ ಬಂದ ರೋಗ ಗೋವಾಕ್ಕೇ ಹೋಗಲಿ.
ನಡುವೆ ಚಹಾ ಬಂತು. ಅವರಿಗೆಲ್ಲ ಗಾಜಿನ ಲೋಟ,
ನನ್ನ ಮುಂದೆ ಕಾಗದದ್ದು.

ಆಮೇಲೆ ವಾಸು ಮಾಸ್ತರರು ಎದ್ದರು.
ಒಂದು ಕಾಲಕ್ಕೆ ಮೇಳದಲ್ಲಿ ಕೌರವನ ವೇಷ ಕಟ್ಟಿದವರು,
ಈಗಲೂ ಕೈ ಮೇಲೆತ್ತಿದರೆ ಎಡಗಾಲು ತಾನಾಗಿ ನೆಲ ಒದೆಯುತ್ತದೆ.
"ಇವರಿಗೆ ಈ ಊರಲ್ಲಿ ಸೂಜಿಮೊನೆಯಷ್ಟೂ..."
ಆ ಮಾತು ಎಲ್ಲಿ ಚುಚ್ಚಿತೋ, ನಿಂತುಬಿಟ್ಟರು.
ಯಾರೋ ನಕ್ಕರು. ನನಗೂ ನಗು ಒತ್ತಿ ಬಂತು,
ಮದ್ದು ಹೊರಬಂದೀತೆಂದು ತುಟಿ ಕಚ್ಚಿ ಹಿಡಿದೆ.

ಸ್ವಾಮೀ, ನಾವು ಕೇಳಿದ್ದೂ ಅಷ್ಟೇ ಜಾಗ.
ಹನ್ನೆರಡಡಿಯ ಕೋಣೆ, ಒಂದು ಫ್ಯಾನು,
ಕೈ ತೊಳೆಯಲಿಕ್ಕೆ ನಲ್ಲಿ,
ಬಾಗಿಲಾಚೆ ಜೀಪು ನಿಲ್ಲದ ನಾಲ್ಕು ಗಂಟೆ.
ಇದನ್ನು ನಾನು ಹೇಳಿದ್ದು ಪುಡಿಗೆ ಮಾತ್ರ.

ಕೊನೆಗೂ ಕರಗಿತು. ಎದ್ದೆ.
ಬರೆದು ತಂದ ಭಾಷಣ ಕಿಸೆಯಲ್ಲೇ ಉಳಿದು
ಬಾಯಿಗೆ ಬಂದದ್ದು ರಿಜಿಸ್ಟರು:
"ಬೋಟು ದಡಕ್ಕೆ ಕಟ್ಟಿದ ಎರಡು ತಿಂಗಳಲ್ಲಿ
ಹೋದ ಸೂಜಿ ನಾನೂರ ಹನ್ನೆರಡು,
ವಾಪಸು ಬಂದದ್ದು ಮುನ್ನೂರ ತೊಂಬತ್ತೇಳು."

ಕೊನೆಯ ಕುರ್ಚಿಯ ಸದಸ್ಯೆ ಲೆಕ್ಕದಲ್ಲಿ ಗಟ್ಟಿ. ತಟ್ಟನೆ ಹಿಡಿದಳು:
"ಆ ಹದಿನೈದು ಎಲ್ಲಿವೆ? ಯಾರ ಕಾಲಡಿ?"

ಹದಿನಾಲ್ಕು ಗೊತ್ತಿಲ್ಲ, ಅಂದೆ.
ಒಂದು ಗೊತ್ತು.
ಅದು ಇನಾಸನ ಜೊತೆ ಶವಾಗಾರಕ್ಕೆ ಹೋಯಿತು.

ರಿಜಿಸ್ಟರಿನಲ್ಲಿ ಅವನು ಮೂವತ್ತೊಂದು. ಹೆಸರು ನಾವು ಬರೆಯುವುದಿಲ್ಲ,
ಬರೆಯುವುದಿಲ್ಲವೆಂದೇ ಅವರು ಬರುವುದು.
ಆ ದಿನ ಗೋದಾಮಿನೆದುರು ಜೀಪು ಕಂಡು
ದೂರದಿಂದಲೇ ತಿರುಗಿ ಕಾಳಿ ಸೇತುವೆ ಕೆಳಗೆ ಹೋದ, ಒಬ್ಬನೇ.
ಸೂಜಿ ಹೊಸದೇ. ಮುನ್ನಾ ದಿನ ನಾನೇ ಕೊಟ್ಟದ್ದು.
ಉಸಿರು ಮರಳಿಸುವ ಮದ್ದು ನನ್ನ ಚೀಲದಲ್ಲಿತ್ತು,
ಚೀಲ ನನ್ನ ಹೆಗಲಲ್ಲಿ, ನಾನು ಬೈತಖೋಲದಲ್ಲಿ.
ಅದೇ ಮದ್ದು ನನ್ನನ್ನು ಎರಡು ಸಲ ಎಬ್ಬಿಸಿದೆ.
ಎರಡನೇ ಸಲ ಚುಚ್ಚಿದ ಕೈ ಇನಾಸನದು.

ಇಷ್ಟನ್ನೂ ಹೇಳಿದೆನೋ, ಅರ್ಧ ನುಂಗಿದೆನೋ.
ವಿಷಯ ಮುಂದಿನ ಸಭೆಗೆ, ಎಂದು ಬರೆದುಕೊಂಡರು.
ಚಹಾ ಆರಿ ಕೆನೆ ಕಟ್ಟಿತ್ತು. ಕುಡಿದೆ.

ಸಂಜೆ ಒಂಬತ್ತು ದಿನದ ಬೋಟೊಂದು ಧಕ್ಕೆಗೆ ಬಂತು.
ಬಂಗಡೆ ಇಳಿಸುವ ಬೊಬ್ಬೆ, ಐಸು ಒಡೆಯುವ ಸದ್ದು.
ನಲವತ್ತನಾಲ್ಕು, ಜಾರ್ಖಂಡದ ಹುಡುಗ,
ಮೀನಿನ ಲೋಳೆ ಮೆತ್ತಿದ ಬೂಟಿನಲ್ಲೇ ಒಳಬಂದು
ಅಂಗಿಯಡಿಯಿಂದ ಕೋಕಮ್ ಶರಬತ್ತಿನ ಬಾಟಲಿ ತೆಗೆದ.
ಮುಚ್ಚಳಕ್ಕೆ ಬಲೆಯ ನೂಲು ಮೂರು ಸುತ್ತು.
"ನೀರಿಗೆ ಬಿಸಾಕಿಲ್ಲ ಭಾಯಿ,
ಬಲೆಗೆ ಬಂದರೆ ಯಾರದಾದರೂ ಕೈಗೆ ಹತ್ತುತ್ತೆ."

ಇಕ್ಕಳದಲ್ಲಿ ಒಂದೊಂದೇ ಹಿಡಿದು ಎಣಿಸಿದೆ. ಹನ್ನೊಂದು.
ಇನ್ನೊಮ್ಮೆ ಎಣಿಸಿದೆ. ಹನ್ನೊಂದೇ.
ಹಳೆಯ ಅಂಕಿ ಹೊಡೆದು ಬರೆದೆ:
ಬಾಕಿ ನಾಲ್ಕು.

ಅದರಲ್ಲೊಂದು ನನಗೆ ಗೊತ್ತು.